ಅಟ್ಟದ ಮೇಲಿನ ಭಾರ

ತಿಪಟೂರಿನಲ್ಲಿ ನನ್ನ ಕಣ್ಣೆದುರು ನಡೆದ ಒಂದು ಪ್ರಕರಣವಿದು. ಅದರ ತಪ್ಪಿನಲ್ಲಿ ನನ್ನ ಪಾಲೂ ಇದೆ. ಮನೆ ಕೊಟ್ಟವರು, ಬಾಡಿಗೆಗೆ ಬಂದವರು ಇಬ್ಬರೂ ಮರ್ಯಾದಸ್ಥರಾದ್ದರಿಂದ ಯಾರ ಹೆಸರನ್ನೂ ಬರೆಯುವುದಿಲ್ಲ.

ಮನೆಯ ಯಜಮಾನರು ನಿವೃತ್ತ ಶಾಲಾ ಮೇಷ್ಟ್ರು. ತುರುವೇಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದರು. ತಿಪಟೂರಿನಲ್ಲಿ ಅವರ ತಂದೆ ಕಟ್ಟಿಸಿದ ಹೆಂಚಿನ ಮನೆ ಇತ್ತು. ನಡುಮನೆಯ ಮೇಲೆ ಹಲಗೆ ಹಾಸಿದ ಅಟ್ಟ. ಬಾಡಿಗೆಗೆ ಬಂದವರು ಚಿಕ್ಕನಾಯಕನಹಳ್ಳಿ ಕಡೆಯ ಸಣ್ಣ ಕೊಬ್ಬರಿ ವ್ಯಾಪಾರಿ. ಮಕ್ಕಳ ಓದಿಗಾಗಿ ಪಟ್ಟಣ ಸೇರಿದವರು. ತಿಂಗಳಿಗೆ 6,000 ರೂಪಾಯಿ ಬಾಡಿಗೆ, 60,000 ಅಡ್ವಾನ್ಸ್, ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು. ವರ್ಷಕ್ಕೆ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದೇ ನಮ್ಮಲ್ಲಿ ಹನ್ನೊಂದು ತಿಂಗಳೆಂದು ಬರೆಯುವ ರೂಢಿ. ಮನೆ 'ವಾಸಕ್ಕೆ ಮಾತ್ರ' ಎಂದೂ ಅದರಲ್ಲಿತ್ತು. ಸಾಕ್ಷಿಯಾಗಿ ಸಹಿ ಹಾಕಿದವನು ನಾನು. ಆ ಮನೆಯೊಳಗೆ ಕಾಲಿಡದೆ, ಜೆರಾಕ್ಸ್ ಅಂಗಡಿಯ ಮೇಜಿನ ಮೇಲೆಯೇ ಸಹಿ ಹಾಕಿದೆ. ಹನ್ನೊಂದು ತಿಂಗಳು ಕಳೆದವು. ಕರಾರನ್ನು ಯಾರೂ ಹೊಸದಾಗಿ ಬರೆಯಲಿಲ್ಲ. ಹಾಗೆಯೇ ಆರು ವರ್ಷ ನಡೆಯಿತು.

ಎರಡನೆಯ ವರ್ಷದಿಂದ ವ್ಯಾಪಾರಿ ಅಟ್ಟಕ್ಕೆ ಕಾಯಿ ಹಾಕತೊಡಗಿದರು. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಲಿತ ಕಾಯಿ ಮಟ್ಟೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂರಬೇಕು. ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಸದ್ದು ಮಾಡಿದಾಗಲೇ ಅದು ಕೊಬ್ಬರಿ. ಆದರೆ ಹಾಕುವ ದಿನ ಅದು ಹಸಿ ಭಾರ. ಒಂದೊಂದು ಕಾಯಿ ಮಟ್ಟೆ ಸಮೇತ ಒಂದೇ ಕಿಲೋ ತೂಗಿತೆಂದರೂ ಸಾವಿರ ಕಾಯಿಗೆ ಒಂದು ಟನ್. ಹಾಸಿಗೆ, ಹಳೆಯ ಪಾತ್ರೆ ಇಡಲೆಂದು ಕಟ್ಟಿದ ಅಟ್ಟ ಅದು.

ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ವರ್ಷವರ್ಷವೂ ಗೌರಿ ಹಬ್ಬಕ್ಕೆ ಆ ಅಟ್ಟದ ಕೊಬ್ಬರಿಯೇ ಒಂದು ಚೀಲ ಅವರ ಮನೆ ಸೇರುತ್ತಿತ್ತು. ತಲೆಬಾಗಿಲ ಪಕ್ಕದ ಹೆಂಚು ಒಡೆದು ಮಳೆನೀರು ಅಟ್ಟಕ್ಕೆ ಇಳಿಯುತ್ತಿದೆಯೆಂದು ವ್ಯಾಪಾರಿ ಹೇಳಿದಾಗ ಅವರು "ನೋಡೋಣ" ಎಂದರು. ಹೇಳಿದ್ದು ಬಾಯಿಮಾತಿನಲ್ಲಿ, ಉತ್ತರ ಬಂದದ್ದೂ ಬಾಯಿಮಾತಿನಲ್ಲಿ.

ಬಿಡುವ ದಿನ ಬಂತು. ಸಾಮಾನು ಲಗೇಜ್ ಆಟೋಗೆ ಏರಿದ ಮೇಲೆ ಮೇಷ್ಟ್ರು ಟಾರ್ಚ್ ಹಿಡಿದು ಆರು ವರ್ಷಗಳಲ್ಲಿ ಮೊದಲ ಸಲ ಅಟ್ಟ ಹತ್ತಿದರು. ನಾನೂ ಹಿಂದೆಯೇ ಹತ್ತಿದೆ. ನಡುವಿನ ತೊಲೆ ಉದ್ದಕ್ಕೆ ಸೀಳಿತ್ತು. ಗೋಡೆಯ ಬದಿಯ ಎರಡು ಹಲಗೆ ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗುತ್ತಿದ್ದವು, ನೆನೆದ ರೊಟ್ಟಿಯ ಹಾಗೆ. ಮೂಲೆಯಲ್ಲಿ ಏಳು ಕಾಯಿ ಉಳಿದಿದ್ದವು.

"ಏನಪ್ಪಾ ಇದು, ಮನೆಯಂತ ಕೊಟ್ರೆ ಗೋಡೌನು ಮಾಡಿದ್ದೀಯಲ್ಲ?"

"ಮೇಷ್ಟ್ರೇ, ಎರಡು ಮಳೆಗಾಲದಿಂದ ಹೆಂಚು ಸೋರ್ತೈತೆ ಅಂತ ಹೇಳ್ತಾನೇ ಇದ್ದೀನಿ. ಕೊಬ್ಬರಿ ತಿನ್ನೋವಾಗ ಅಟ್ಟ ಕಾಣಲಿಲ್ವಾ?"

ಆ ಕೊನೆಯ ಮಾತಿನ ಮೇಲೆ ಲೆಕ್ಕ ನಿಂತುಹೋಯಿತು, ಹಟ ಶುರುವಾಯಿತು. ಅಡ್ವಾನ್ಸ್‌ನಲ್ಲಿ ಒಂದು ಪೈಸೆಯೂ ಕೊಡುವುದಿಲ್ಲ ಎಂದರು ಮೇಷ್ಟ್ರು. ದುಡ್ಡು ಬಾರದೆ ಬೀಗದ ಕೈ ಕೊಡುವುದಿಲ್ಲ ಎಂದರು ವ್ಯಾಪಾರಿ. ನಲವತ್ತು ದಿನ ಮನೆ ಬೀಗದಲ್ಲೇ ಇತ್ತು. ಆ ನಲವತ್ತು ದಿನಗಳಲ್ಲಿ ಎರಡು ಜೋರು ಮಳೆ ಬಂದು, ಒಡೆದ ಹೆಂಚಿನಿಂದ ಇಳಿದ ನೀರು ನಡುಮನೆಯ ಗೋಡೆಯ ಗಾರೆಯನ್ನೂ ಸಡಿಲಿಸಿತು. ಮನೆ ಕಾಪಾಡಲೆಂದು ಹೂಡಿದ ಜಗಳವೇ ಮನೆಯನ್ನು ಇನ್ನಷ್ಟು ಕೆಡಿಸಿತು.

ಕೊನೆಗೆ ನಾನು ಮತ್ತು ಇನ್ನಿಬ್ಬರು, ಒಟ್ಟು ಮೂವರು ಕೂತು ನ್ಯಾಯ ಹೇಳಬೇಕಾಯಿತು. ಬಡಗಿಯನ್ನು ಕರೆಸಿದೆವು. ತೊಲೆ ಸೀಳಿದ್ದು ಭಾರಕ್ಕೆ, ಹಲಗೆ ಕೊಳೆತದ್ದು ನೀರಿಗೆ ಎಂದು ಆತ ನೋಡಿದ ಕೂಡಲೇ ಹೇಳಿದ. ಮರ, ಹೆಂಚು, ಗಾರೆ, ಕೂಲಿ ಎಲ್ಲ ಸೇರಿ 28,000. ಅದನ್ನು ಸಮಪಾಲು ಮಾಡಿದೆವು. ಬಾಕಿ ಕರೆಂಟ್ ಬಿಲ್ 2,000 ವ್ಯಾಪಾರಿಯ ಲೆಕ್ಕಕ್ಕೆ ಹೋಯಿತು. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತೇನೆಂದ ಮೇಷ್ಟ್ರ ಮಾತನ್ನು ಒಪ್ಪಲಿಲ್ಲ. ಆರು ವರ್ಷ ಸಂಸಾರ ಮಾಡಿದ ಗೋಡೆ ಮಾಸುವುದು ಸಹಜ. ಮೇಷ್ಟ್ರು ಕೇಳಿದ ನಲವತ್ತು ದಿನದ ಬಾಡಿಗೆಯನ್ನೂ ವ್ಯಾಪಾರಿ ಕೇಳಿದ ಬಡ್ಡಿಯನ್ನೂ ಕೈಬಿಟ್ಟೆವು. 44,000 ಮರಳಿತು, ಬೀಗದ ಕೈ ಬಂತು. ಮೂಲೆಯ ಏಳು ಕಾಯಿಯನ್ನು ಇಬ್ಬರೂ ಮುಟ್ಟಲಿಲ್ಲ. ಹಬ್ಬಕ್ಕೆ ಕೊಟ್ಟು ತೆಗೆದುಕೊಳ್ಳುತ್ತಿದ್ದ ಎರಡು ಮನೆಗಳ ನಡುವೆ ಈಗ ಮಾತಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆದಾರ ಆಸ್ತಿಯನ್ನು ತಾನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು. ನ್ಯಾಯವಾದ ಬಳಕೆಯ ಸವೆತಕ್ಕೆ, ತಡೆಯಲಾಗದ ಅನಾಹುತಕ್ಕೆ ಅವನು ಹೊಣೆಯಲ್ಲ. ಕೊಟ್ಟ ಉದ್ದೇಶವನ್ನು ಬಿಟ್ಟು ಬೇರೆಯದಕ್ಕೆ ಬಳಸುವಂತಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತದೆ: ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ, ಸುಣ್ಣಬಣ್ಣ ಮಾಲೀಕನ ಹೊಣೆ, ಖಾಲಿ ಮನೆ ಕೈಗೆ ಬಂದ ದಿನವೇ, ಸಲ್ಲಬೇಕಾದ್ದನ್ನು ಕಳೆದು ಠೇವಣಿ ಮರಳಿಸಬೇಕು. ರಾಜ್ಯ ಅಂಗೀಕರಿಸಿದರಷ್ಟೇ ಅದು ಜಾರಿಯಾಗುವಂಥದ್ದು. ಆದರೆ ಅದರ ವಿವೇಕವನ್ನು ಪಾಲಿಸಲು ಯಾರ ಅಪ್ಪಣೆಯೂ ಬೇಡ.

ಹಾಗಿದ್ದೂ ಈ ಪ್ರಕರಣದಲ್ಲಿ ಕಾನೂನು ಕೈಗೆ ಬರಲಿಲ್ಲ. 'ಪಡೆದ ಸ್ಥಿತಿ' ಏನಿತ್ತೆಂದು ಯಾರೂ ಬರೆದಿಟ್ಟಿರಲಿಲ್ಲ. ಮೊದಲ ದಿನ ತೊಲೆ ಗಟ್ಟಿಯಿತ್ತೇ? ಹೆಂಚು ಆಗಲೇ ಒಡೆದಿತ್ತೇ? ಸಾಕ್ಷಿ ಹಾಕಿದ ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸಮಪಾಲು ಮಾಡಿದ್ದು ಅದೇ ನ್ಯಾಯವೆಂದಲ್ಲ; ನಿಜವಾದ ಪಾಲನ್ನು ಅಳೆಯಲು ನಮ್ಮ ಬಳಿ ಏನೂ ಇರಲಿಲ್ಲ.

ನನ್ನನ್ನು ಇಂದಿಗೂ ಕಾಡುವ ವಿಷಯ ಬೇರೊಂದಿದೆ. ಇವರಿಬ್ಬರೂ ಕೊಬ್ಬರಿ ಮಾರುಕಟ್ಟೆಯನ್ನು ಬಲ್ಲವರು. ಅಲ್ಲಿ ಒಂದು ಚೀಲವೂ ತೂಕವಿಲ್ಲದೆ ಕೈ ಬದಲಾಗುವುದಿಲ್ಲ. ಚೀಲ ಸುರಿದು, ಗಿಟುಕು ಎತ್ತಿ ನೋಡಿ, ಬೂಸ್ಟು ಹಿಡಿದದ್ದನ್ನು ಬೇರೆಯಿಟ್ಟು, ಚೀಟಿ ಬರೆದ ಮೇಲೆಯೇ ವ್ಯಾಪಾರ. ತೂಕ ಹಾಕಿದ್ದಕ್ಕೆ ಅಲ್ಲಿ ಯಾರೂ ಮುನಿಸಿಕೊಂಡದ್ದಿಲ್ಲ. ಅದೇ ಜನ ತಂದೆ ಕಟ್ಟಿಸಿದ ಮನೆಯನ್ನು ನೋಡದೆ ಕೊಟ್ಟರು, ನೋಡದೆ ಪಡೆದರು. ಕೇಳಿದರೆ ನಾವೆಲ್ಲ ಹೇಳುವುದು ಒಂದೇ ಮಾತು: "ನಮ್ಮವರೇ ಅಲ್ಲವೇ, ಹೇಗೆ ಬರೆಸಿಕೊಳ್ಳುವುದು?"

ಇದನ್ನು ನಾವು ದಾಕ್ಷಿಣ್ಯ ಎನ್ನುತ್ತೇವೆ. ಆ ಗುಣ ನನಗೂ ಪ್ರಿಯವೇ. ಆದರೆ ಈ ಪ್ರಕರಣದ ದಾಕ್ಷಿಣ್ಯವನ್ನು ಒಡೆದು ನೋಡಿದರೆ ಒಳಗೆ ಸಿಗುವುದು ಅನುಕೂಲ. ಅಟ್ಟದ ಮಾತೆತ್ತಿದರೆ ಹಬ್ಬದ ಕೊಬ್ಬರಿ ನಿಲ್ಲಬಹುದಿತ್ತು, ಹೆಂಚು ಹಾಕಿಸಿದರೆ ಖರ್ಚು ಬೀಳುತ್ತಿತ್ತು, ಮೇಷ್ಟ್ರು ಸುಮ್ಮನಿದ್ದರು. ಸೋರಿಕೆಯನ್ನು ಬರೆದು ಕೊಟ್ಟರೆ ಅಟ್ಟದಲ್ಲೇನಿದೆ ಎಂಬ ಪ್ರಶ್ನೆ ಬರುತ್ತಿತ್ತು, ವ್ಯಾಪಾರಿಯೂ ಸುಮ್ಮನಿದ್ದರು. ಮನೆಯೊಳಗೆ ಹೋಗಿ ನೋಡಿದರೆ ಅರ್ಧ ದಿನ ಹೋಗುತ್ತಿತ್ತು. ನಾನೂ ಸುಮ್ಮನೆ ಸಹಿ ಹಾಕಿದೆ. ಮೂವರ ಮೌನಕ್ಕೂ ಒಳ್ಳೆಯತನದ ಹೆಸರಿತ್ತು. ವರ್ಷಗಟ್ಟಲೆ ಆ ತೊಲೆ ಕಾಯಿಯ ಜೊತೆಗೆ ಆ ಮೌನವನ್ನೂ ಹೊತ್ತಿತ್ತು.

ತಪ್ಪು ಯಾರದು ಹೆಚ್ಚು? ವಾಸದ ಮನೆಯನ್ನು ಸರಕಿನ ಜಾಗ ಮಾಡಿಕೊಂಡದ್ದು ವ್ಯಾಪಾರಿಯ ತಪ್ಪು. ಹುಡುಗರ ಫೀಸಿನ ಹೊತ್ತಿಗೆ ಬೇರೆ ಗೋಡೌನಿಗೆ ಬಾಡಿಗೆ ಕಟ್ಟಲು ಅವರಲ್ಲಿ ದುಡ್ಡಿರಲಿಲ್ಲ ಎಂಬುದೂ ನಿಜ. ಗೊತ್ತಿದ್ದೂ ಸುಮ್ಮನಿದ್ದು, ಕೊನೆಯ ದಿನ ಆಗಷ್ಟೇ ತಿಳಿದವರಂತೆ ಸಿಟ್ಟಾದದ್ದು ಮೇಷ್ಟ್ರ ತಪ್ಪು. ತಂದೆಯ ಕೈಯ ಕೆಲಸ ಸೀಳಿದ್ದನ್ನು ನೋಡಿದ ನೋವೂ ನಿಜ. ಆದರೂ ನನ್ನ ತೀರ್ಮಾನ ಹೇಳಲೇಬೇಕು. ಅಧಿಕಾರ ಇರುವವನ ಮೌನಕ್ಕೆ ತೂಕ ಹೆಚ್ಚು. "ಬೇಡ" ಎನ್ನುವ ಹಕ್ಕು ಮೇಷ್ಟ್ರಿಗಿತ್ತು. ಅದನ್ನು ಆರು ವರ್ಷ ಬಳಸದೆ, ಒಂದೇ ದಿನ ಬಡ್ಡಿ ಸಮೇತ ಬಳಸಲು ಹೊರಟರು.

ಮನೆ ಬಿಡಿಸುವ ದಿನ ಮನೆ ಕಾಪಾಡಲು ಆಗುವುದಿಲ್ಲ. ಅದು ಕೊಡುವ ದಿನದ ಕೆಲಸ. ಇಬ್ಬರೂ ಜೊತೆಯಲ್ಲಿ ಓಡಾಡಿ ಹೆಂಚು, ಅಟ್ಟ, ನಲ್ಲಿ, ಬಾಗಿಲ ಚಿಲಕ, ಮೀಟರಿನ ಅಂಕಿ ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ, ಫೋಟೋ ತೆಗೆದು, ಎರಡೂ ಕಡೆ ಸಹಿಯಾಗಬೇಕು. ನಡುವೆ ಸೋರಿದರೆ, ಮುರಿದರೆ ಎರಡು ಸಾಲು ಬರೆದು ತಿಳಿಸಬೇಕು. ಬಿಡುವ ವಾರಕ್ಕೆ ಮುಂಚೆ, ಸಾಮಾನು ಕಟ್ಟುವ ಮೊದಲು, ಅದೇ ಹಾಳೆ ಹಿಡಿದು ಮತ್ತೊಮ್ಮೆ ಓಡಾಡಬೇಕು. ಬೀಗದ ಕೈ ಮತ್ತು ಅಡ್ವಾನ್ಸ್ ಒಂದೇ ಹೊತ್ತಿನಲ್ಲಿ ಕೈ ಬದಲಾಗಬೇಕು. ಅಪನಂಬಿಕೆಗೆ ಇದರಲ್ಲಿ ಜಾಗವೇ ಇಲ್ಲ. ನಾಳೆ ನೆನಪು ಕೈಕೊಟ್ಟಾಗ ಸ್ನೇಹ ಉಳಿಯಲೆಂದು ಮಾಡಿಕೊಳ್ಳುವ ಏರ್ಪಾಟು ಅದು.

ಮೇಷ್ಟ್ರು ಆ ಮನೆಯನ್ನು ಈಗ ಬೇರೆಯವರಿಗೆ ಕೊಟ್ಟಿದ್ದಾರೆ. ಸಾಕ್ಷಿಗೆ ನನ್ನನ್ನೇ ಕರೆದರು. ಕಾಗದವನ್ನು ಜೇಬಿನಲ್ಲಿಟ್ಟು, ಮೊದಲು ಏಣಿ ಹಾಕಿಸಿ ಅಟ್ಟ ಹತ್ತಿದೆ. ಹೊಸ ತೊಲೆಯ ಮೇಲೆ ಕೈಯಾಡಿಸಿ ನೋಡಿ, ಕೆಳಗಿಳಿದು ಬಂದು, ನೋಡಿದ್ದನ್ನು ಬರೆಸಿ, ಆಮೇಲೆ ಸಹಿ ಹಾಕಿದೆ.