ಹಿಜ್ಕೀಯನು ಒಡೆದ ತಾಮ್ರದ ಸರ್ಪ

(ಓದತಕ್ಕ ಭಾಗಗಳು: ಅರಣ್ಯಕಾಂಡ 21ನೆಯ ಅಧ್ಯಾಯ; ಎರಡನೆಯ ಅರಸುಗಳು 18ನೆಯ ಅಧ್ಯಾಯ)



ಹಿಜ್ಕೀಯನು ಯೆಹೂದದ ಪಟ್ಟಕ್ಕೆ ಬಂದ ಮೇಲೆ ಪೂಜಾಸ್ಥಳಗಳನ್ನು ಕೆಡವಿಸಿದನು, ವಿಗ್ರಹಸ್ತಂಭಗಳನ್ನು ಒಡಿಸಿದನು. ಇದನ್ನು ಓದುವಾಗ ನಮಗೆ ಆಶ್ಚರ್ಯವಾಗುವದಿಲ್ಲ. ಆದರೆ ಅವುಗಳ ಸಂಗಡ ಅವನು ಮತ್ತೊಂದು ವಸ್ತುವನ್ನೂ ಚೂರುಚೂರು ಮಾಡಿದನು. ಅದು ಅನ್ಯದೇಶದಿಂದ ಬಂದದ್ದಲ್ಲ. ದೇವರ ಅಪ್ಪಣೆಯ ಮೇರೆಗೆ ಮೋಶೆಯೇ ಮಾಡಿದ ತಾಮ್ರದ ಸರ್ಪವು. ಅರಣ್ಯದಲ್ಲಿ ಹಾವು ಕಚ್ಚಿದವರು ಅದನ್ನು ನೋಡಿ ಬದುಕಿಕೊಂಡಿದ್ದರು. ಹಾಗಾದರೆ ಅದರಲ್ಲಿ ದೋಷವೇನಿತ್ತು? ಅದರಲ್ಲಿ ಏನೂ ಇರಲಿಲ್ಲ. ದೋಷವು ನೋಡುವವರ ಕಣ್ಣಿನಲ್ಲಿತ್ತು. ತಮ್ಮ ಪಿತೃಗಳನ್ನು ಬದುಕಿಸಿದವನನ್ನು ಮರೆತು, ಅವನು ಉಪಯೋಗಿಸಿದ ತಾಮ್ರಕ್ಕೆ ಅವರು ಧೂಪಹಾಕುತ್ತಿದ್ದರು. ನಾಗಬನಗಳ ನಡುವೆ ಹುಟ್ಟಿ ಬೆಳೆದ ನಮಗೆ ಈ ಸಂಗತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಮಾತನ್ನು ಈಗ ಎತ್ತಿದ್ದು ಯಾಕಂದರೆ, ಸಭೆಗಳಲ್ಲಿ ಬೋಧಕರನ್ನು ಅತಿಯಾಗಿ ಮೇಲೆತ್ತುವ ಅಭ್ಯಾಸವನ್ನು ಕುರಿತು ಮಾತಾಡುವವರೆಲ್ಲರೂ ಕೆಟ್ಟ ಬೋಧಕರ ವಿಷಯವಾಗಿಯೇ ಎಚ್ಚರಿಸುತ್ತಾರೆ. ಕೆಟ್ಟವನನ್ನು ಬಹುಕಾಲ ಪೂಜಿಸುವವರಾರು? ಅಪಾಯವಿರುವದು ಒಳ್ಳೆಯವರಲ್ಲಿ. ಯಾವನ ಪ್ರಾರ್ಥನೆಯಿಂದ ನಮ್ಮ ಮಗು ಗುಣವಾಯಿತೋ, ಯಾವನ ಬಾಯಿಂದ ನಾವು ಸುವಾರ್ತೆಯನ್ನು ಮೊದಲು ಕೇಳಿದೆವೋ, ಅವನೇ ನಮಗೆ ತಾಮ್ರದ ಸರ್ಪವಾಗುವನು.

ನಮ್ಮ ತುಳು ಸೀಮೆಯ ಸಭೆಗಳಲ್ಲಿ ಈ ಬೇರು ಆಳವಾಗಿ ಹೋಗಿದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದರು. ಅವರ ಬೋಧನೆಯನ್ನು ಅಂಗೀಕರಿಸಿದ ನಮ್ಮ ಹಿರಿಯರನ್ನು ಕುಟುಂಬದವರು ಹೊರಗಿಟ್ಟರು. ಒಕ್ಕಲು ತಪ್ಪಿತು, ಕಸಬು ತಪ್ಪಿತು, ಮಕ್ಕಳಿಗೆ ಹೆಣ್ಣು ಕೊಡುವವರಿಲ್ಲದೆ ಹೋಯಿತು. ಆಗ ಮಿಶನಿನವರು ಭೂಮಿಯನ್ನು ಕೊಂಡು ಅವರನ್ನು ಒಕ್ಕಲಿರಿಸಿದರು, ನೇಯ್ಗೆಯನ್ನು ಕಲಿಸಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದು ಕೂಲಿ ಕೊಟ್ಟರು. ಇದು ದೊಡ್ಡ ಉಪಕಾರವೇ ಸರಿ, ಅದನ್ನು ಮರೆತರೆ ನಾವು ಕೃತಘ್ನರಾಗುವೆವು. ಆದರೆ ಅದರ ಫಲವೇನಾಯಿತೆಂದರೆ, ಪಾದ್ರಿಯೂ ಧಣಿಯೂ ಪಂಚಾಯಿತಿಯ ಯಜಮಾನನೂ ಒಬ್ಬನೇ ಆದನು. ಅನ್ನಕ್ಕೂ ಆತ್ಮಕ್ಕೂ ಒಂದೇ ಬಾಗಿಲಲ್ಲಿ ನಿಲ್ಲುವವನಿಗೆ, ಒಳಗಿರುವವನು ದೇವರ ಸೇವಕನೋ ದೇವರೋ ಎಂಬ ಭೇದವು ಬೇಗನೆ ಮಸಕಾಗುವದು.

ಆ ಭೇದವನ್ನು ಕಾಪಾಡುವ ಉಪಾಯವನ್ನು ಅದೇ ಮಿಶನರಿಗಳು ನಮ್ಮ ಕೈಯಲ್ಲಿ ಇಟ್ಟಿದ್ದರೆಂಬದನ್ನೂ ಹೇಳಬೇಕು. 1847ರಲ್ಲಿಯೇ ಅವರು ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ ಅಚ್ಚುಹಾಕಿಸಿ ಕೊಟ್ಟರು. ಪೌಲನು ಹೇಳಿದ್ದು ಹೌದೋ ಅಲ್ಲವೋ ಎಂದು ಬೆರೋಯದವರು ದಿನಾಲು ಶಾಸ್ತ್ರಗಳನ್ನು ಶೋಧಿಸಿದ ಹಾಗೆ, ತಮ್ಮ ಮಾತನ್ನು ಅಳೆಯುವ ಕೋಲನ್ನು ಅವರೇ ಕೊಟ್ಟ ಹಾಗಾಯಿತು.

1914ರಲ್ಲಿ ಮಹಾಯುದ್ಧ ಹುಟ್ಟಿತು. ಸರಕಾರದವರು ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿರಿಸಿ ಅನಂತರ ದೇಶದಿಂದ ಕಳುಹಿಸಿಬಿಟ್ಟರು. ಕಾರ್ಖಾನೆಗಳು ಮಿಶನಿನ ಕೈಬಿಟ್ಟು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ದೊರೆಗಳ ಮೇಲೆ ಒರಗಿಕೊಂಡಿದ್ದವರಿಗೆ ಗೋಡೆಯೇ ಬಿದ್ದಂತಾಯಿತು. ಆದರೂ ಸಭೆಗಳು ಬೀಳಲಿಲ್ಲ. ದೇಶೀಯ ಬೋಧಕರೂ ಉಪದೇಶಿಗಳೂ, ಅಕ್ಷರ ತಿಳಿದ ಹಿರಿಯರೂ, ಅಕ್ಷರ ತಿಳಿಯದಿದ್ದರೂ ಪ್ರಾರ್ಥನೆ ತಿಳಿದ ತಾಯಂದಿರೂ ಅವುಗಳನ್ನು ಹೊತ್ತರು. ಇವರಲ್ಲಿ ಹೆಚ್ಚಿನವರ ಪಟಗಳು ಯಾವ ಗೋಡೆಯ ಮೇಲೂ ಇಲ್ಲ.

ನೆರೆಯವರ ನೇಮವನ್ನು ನಾವೆಲ್ಲರೂ ಕಂಡವರೇ. ಗಗ್ಗರ ಕಟ್ಟಿ ಅಣಿ ಏರಿಸಿ ನಿಂತವನ ಮುಂದೆ ಗುತ್ತಿನ ಯಜಮಾನನೂ ತಲೆಬಾಗುತ್ತಾನೆ. ಬೆಳಗಾದ ಮೇಲೆ ಅವನು ಮುಖದ ಅರದಾಳವನ್ನು ತೊಳೆದು ಮನೆಗೆ ಹೋಗುವಾಗ ಯಾರೂ ಕೈಮುಗಿಯುವದಿಲ್ಲ. (ಆ ಮನುಷ್ಯನಿಗೆ ಮನುಷ್ಯನೆಂದು ಸಲ್ಲತಕ್ಕ ಮಾನವೂ ಬಹುಕಾಲ ಸಲ್ಲದೆ ಹೋಯಿತೆಂಬದು ಬೇರೆ ದುಃಖದ ಮಾತು.) ಹೊತ್ತವನು ಬೇರೆ, ಹೊರಲ್ಪಟ್ಟದ್ದು ಬೇರೆ ಎಂದು ಅವರು ಬಲ್ಲರು. ನಾವಾದರೋ ವಾರವೆಲ್ಲಾ ಅಣಿಯನ್ನು ಇಳಿಸಗೊಡುವದಿಲ್ಲ. ಬೋಧಕರ ಹುಟ್ಟಿದ ದಿನಕ್ಕೆ ಆಳೆತ್ತರದ ಫ್ಲೆಕ್ಸ್ ಕಟ್ಟುತ್ತೇವೆ, ಅದರ ಮೂಲೆಯಲ್ಲಿ ಶಿಲುಬೆಗೆ ಅಂಗೈಯಗಲದ ಸ್ಥಳ ಬಿಡುತ್ತೇವೆ.

ಈ ಪಾಪದಲ್ಲಿ ನಮಗೂ ಪಾಲುಂಟು, ಅದನ್ನು ಮುಚ್ಚಿಡುವದಿಲ್ಲ. ಕೆಲವು ವರುಷಗಳ ಹಿಂದೆ ನಾವಿದ್ದ ಒಂದು ಸಭೆಗೆ ಬಹು ಪ್ರಿಯರಾದ ಬೋಧಕರೊಬ್ಬರಿದ್ದರು. ದೇವಾಲಯದ ಮಾಡಿನ ಕೆಲಸಕ್ಕೆಂದು ಹಣ ಕೂಡಿತು. ಮೂರು ವರುಷ ಲೆಕ್ಕ ಓದಲ್ಪಡಲಿಲ್ಲ. ಹಿರಿಯರ ಕೂಟದಲ್ಲಿ ಕೂತಿದ್ದ ನಾವು ಕೇಳಲಿಲ್ಲ. ಒಬ್ಬನು ಕೇಳಲು ಬಾಯಿ ತೆರೆದಾಗ, ದಾವೀದನು ಅಭಿಷಿಕ್ತನಾದ ಸೌಲನ ಮೇಲೆ ಕೈಯೆತ್ತಲಿಲ್ಲವೆಂಬದನ್ನು ತೋರಿಸಿ ಅವನನ್ನು ಕೂರಿಸಿದವರು ನಾವೇ. ಅಭಿಷಿಕ್ತನ ಮೇಲೆ ಕೈಯೆತ್ತುವದು ಬೇರೆ, ಲೆಕ್ಕ ಕೇಳುವದು ಬೇರೆ ಎಂದು ಅಂದು ನಮಗೆ ಹೊಳೆಯಲಿಲ್ಲ. ದಾವೀದನು ತಾನೇ ಅಭಿಷಿಕ್ತನಾಗಿದ್ದಾಗ ನಾತಾನನು ಎದುರಿಗೆ ನಿಂತು, ಆ ಮನುಷ್ಯನು ನೀನೇ ಎಂದು ಹೇಳಲಿಲ್ಲವೇ? ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಎಲ್ಲರ ಮುಂದೆ ಗದರಿಸಲಿಲ್ಲವೇ?

ಆ ಬೋಧಕರಿಗೆ ವರ್ಗವಾಯಿತು. ಹೊಸಬರು ಬಂದು ಲೆಕ್ಕ ಕೇಳಿದಾಗ ತೋರಿಸಲು ಕಾಗದವಿರಲಿಲ್ಲ. ಹೋದವರು ಒಂದು ಕಾಸನ್ನೂ ಮುಟ್ಟಿದವರಲ್ಲವೆಂದು ನಾವು ಈಗಲೂ ನಂಬುತ್ತೇವೆ. ಆದರೆ ನಂಬಿಕೆಯು ರಸೀತಿಯಾಗಲಾರದು. ಮುಂಚೆ ಅವರಿಗೆ ಹಾರ ಹಾಕಿದ ಬಾಯಿಗಳೇ ಕೆರೆಕಟ್ಟೆಯ ಮೇಲೆ ಅವರನ್ನು ಕಳ್ಳರೆಂದವು. ಅರ್ಧ ಸಭೆಯು ಭಾನುವಾರ ಬರುವದನ್ನೇ ಬಿಟ್ಟಿತು. ಮೃದುಸ್ವರದ ಹೊಸ ಬೋಧಕರು ಖಾಲಿ ಚಾಪೆಗಳಿಗೆ ಪ್ರಸಂಗ ಮಾಡಿದರು. ಲುಸ್ತ್ರದ ಜನರು ಪೌಲ ಬಾರ್ನಬರಿಗೆ ಬಲಿಕೊಡಲು ಎತ್ತುಗಳನ್ನು ತಂದರೆಂದೂ, ಸ್ವಲ್ಪ ಕಾಲದಲ್ಲಿಯೇ ಪೌಲನಿಗೆ ಅದೇ ಊರಿನಲ್ಲಿ ಕಲ್ಲೆಸೆದು ಅವನನ್ನು ಹೊರಗೆ ಎಳೆದುಹಾಕಿದರೆಂದೂ ಓದಿದ್ದೆವು. ಹೂವಿನ ಹಾರದಿಂದ ಕಲ್ಲಿಗೆ ಇರುವ ದೂರವು ಎಷ್ಟು ಸ್ವಲ್ಪವೆಂದು ಆಗ ಕಣ್ಣಾರೆ ಕಂಡೆವು. ಆ ಬೋಧಕರನ್ನು ನಾವು ಪ್ರೀತಿಸಿದ್ದರೆ ಮೊದಲನೆಯ ವರುಷವೇ ಲೆಕ್ಕ ಕೇಳುತ್ತಿದ್ದೆವು.

ಮಂಗಳೂರಿನಿಂದ ಬಂದ ದಾರಿಯು ಮಾಣಿಯಲ್ಲಿ ಕವಲಾಗುವದನ್ನು ನೀವು ಬಲ್ಲಿರಿ. ಒಂದು ಉಪ್ಪಿನಂಗಡಿಯ ಮೇಲೆ ಶಿರಾಡಿ ಘಟ್ಟವನ್ನು ಹತ್ತುತ್ತದೆ, ಇನ್ನೊಂದು ಪುತ್ತೂರು ಮಡಿಕೇರಿಗಳ ಮೇಲೆ ಮೈಸೂರಿಗೆ ಹೋಗುತ್ತದೆ. ಅಂಥ ಕವಲಿನಲ್ಲಿ ಕೈಮರವು ಬೇಕೇ ಬೇಕು. ಅದನ್ನು ಕಿತ್ತುಹಾಕಿರೆಂದು ನಾವು ಹೇಳುವದಿಲ್ಲ. ಬೋಧಕರೇ ಬೇಡವೆನ್ನುವವರೂ ನಮ್ಮಲ್ಲಿ ಇದ್ದಾರೆ, ಅವರು ಮನೆಯಲ್ಲಿ ಕೂತು ತಮ್ಮನ್ನೇ ಬೋಧಕರನ್ನಾಗಿ ಮಾಡಿಕೊಳ್ಳುತ್ತಾರೆ. ಆದರೆ ಮೈಸೂರಿಗೆ ಹೊರಟವನು ಕೈಮರದ ಬುಡದಲ್ಲಿ ಗಂಟು ಇಳಿಸಿ ಒಲೆ ಹೂಡಿದರೆ, ಬಸ್ಸಿನಲ್ಲಿ ಹೋಗುವವರು ನಗುವದಿಲ್ಲವೋ?

ಆ ಸಭೆಯ ಮಾತನ್ನು ಮುಗಿಸಬೇಕಷ್ಟೆ. ಮಾರನೆಯ ಆಟಿ ತಿಂಗಳಲ್ಲಿ ನೇತ್ರಾವತಿ ಉಕ್ಕಿ ತಗ್ಗಿನ ದಾರಿಗಳೆಲ್ಲಾ ಮುಳುಗಿದವು. ಭಾನುವಾರ ಬೋಧಕರು ಬರಲಾಗಲಿಲ್ಲ. ಬಂದಿದ್ದ ಹತ್ತು ಹನ್ನೆರಡು ಮಂದಿ ಬಾಗಿಲಲ್ಲಿ ನಿಂತು, ಇನ್ನು ಮನೆಗೆ ಹೋಗೋಣ ಎಂದು ಕೊಡೆಗಳನ್ನು ಬಿಚ್ಚುತ್ತಿದ್ದರು. ಬೀಡಿ ಕಟ್ಟಿ ಜೀವಿಸುವ ಮುದುಕಿಯೊಬ್ಬಳು ಚಾಪೆಯಿಂದ ಏಳದೆ, ಅಯ್ಯನವರು ಬಾರದಿದ್ದರೆ ದೇವರೂ ಹೊಳೆ ದಾಟುವದಿಲ್ಲವೋ ಎಂದು ತುಳುವಿನಲ್ಲಿ ಕೇಳಿದಳು. ಕೊಡೆಗಳು ಮಡಚಿದವು. ಮುದುಕಿಗೆ ಓದು ಬಾರದು. ಮೊಮ್ಮಗಳ ಕೈಯಲ್ಲಿ ಒಂದು ಕೀರ್ತನೆಯನ್ನು ಓದಿಸಿ ತಾನೇ ಪ್ರಾರ್ಥಿಸಿದಳು. ಆ ಪ್ರಾರ್ಥನೆಯಲ್ಲಿ ಬೋಧಕರ ಹೆಸರು ಒಂದೇ ಸಾರಿ ಬಂತು: ಅವಸರಪಟ್ಟು ನೆರೆನೀರಿಗೆ ಇಳಿಯದಂತೆ ಅವರನ್ನು ಮನೆಯಲ್ಲಿಯೇ ಕೂರಿಸು, ಸ್ವಾಮೀ, ಎಂದು.