ಕೋವಿಯೋ, ಕೋಪವೋ?



ಎಮ್ಮೆದೊಡ್ಡಿಯಂಥ ಕಾಡಂಚಿನ ಊರುಗಳಿಗೆ ಕೋವಿ ಹೊಸದಲ್ಲ. ಹಂದಿ ನುಗ್ಗಿ ಮೆಕ್ಕೆಜೋಳ ಮುಗಿಸಿದ ರಾತ್ರಿ ಕಂಡವನಿಗೆ ಬೆಳೆರಕ್ಷಣೆಯ ಪರವಾನಗಿ ಏಕೆಂದು ಯಾರೂ ಹೇಳಬೇಕಿಲ್ಲ. ಆದರೆ ಅದೇ ಕೋವಿ ಬೇಲಿಜಗಳದಲ್ಲಿ ಮನುಷ್ಯನತ್ತ ತಿರುಗಿದರೆ ತಪ್ಪು ಯಾರದು?

ಕೋಪದ್ದೇ ಎನ್ನುವವರು ಕಾಯಿನನನ್ನು ತೋರಿಸುತ್ತಾರೆ. ಅವನಲ್ಲಿ ಕೋವಿ ಇರಲಿಲ್ಲ. ನಿಜ. ಆದರೆ ಗೆತ್ಸೆಮನಿ ತೋಟವನ್ನೂ ನೋಡೋಣ. ಪೇತ್ರನ ಬಳಿ ಕತ್ತಿ ಇದ್ದುದರಿಂದಲೇ ಮಾಲ್ಕನ ಕಿವಿ ಹೋಯಿತು. ಯೇಸುಸ್ವಾಮಿ ಆ ಕಿವಿಯನ್ನು ಮುಟ್ಟಿ ಗುಣಪಡಿಸಿದರು. ಪೇತ್ರನ ಕೋಪವನ್ನಷ್ಟೇ ಗದರಿಸಿ ಸುಮ್ಮನಾಗಲಿಲ್ಲ, ಕತ್ತಿಯನ್ನು ಒರೆಗೆ ಹಾಕಿಸಿದರು. ಗುಂಡಿನ ಗಾಯಕ್ಕೆ ಅಂಥ ಸ್ಪರ್ಶ ನಮ್ಮ ಕೈಯಲ್ಲಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಗೆ ಒಪ್ಪಿಸಲು ಆದೇಶ ಬರುತ್ತದೆ. ವೋಟಿಗಾಗಿ ಇಷ್ಟು ಎಚ್ಚರ. ಅಣ್ಣತಮ್ಮಂದಿರು ಪಾಲಿಗಾಗಿ ಮಾತು ಬಿಟ್ಟ ವರ್ಷ ಆ ಎಚ್ಚರ ಬೇಡವೇ?

ಕೋವಿ ಒಂದು ಕಡೆ, ತೋಟಾ ಒಂದು ಕಡೆ ಬೀಗದಲ್ಲಿರಲಿ. ಅಟ್ಟದಲ್ಲಿ ಪರವಾನಗಿಯಿಲ್ಲದ ನಾಡಕೋವಿ ಇದ್ದರೆ ಅದು ಮನೆಗೆ ಬೇಡವೇ ಬೇಡ. ಮಾತು ಬಿಟ್ಟ ತಮ್ಮನಿದ್ದರೆ, ಈ ಭಾನುವಾರ ಪೂಜೆಗೆ ಬರುವ ಮೊದಲೇ ಅವನ ಮನೆಗೆ ಹೋಗಿ ಬನ್ನಿ.