ಯಾವುದು ಯಾರ ಮನೆಯಲ್ಲಿದೆ

ಮಳೆಗಾಲಕ್ಕೆ ಮೊದಲು ಮೆಣಸಿನ ಬಳ್ಳಿಗೆ ಮೈಲುತುತ್ತು-ಸುಣ್ಣ ಹೊಡೆಯುವ ಹೊತ್ತಿಗೆ ಗಾಳಿಬೀಡಿನ ನಮ್ಮ ದೊಡ್ಡಪ್ಪನನ್ನು ಒಂದು ಮಾತು ಕೇಳಿದರೆ ಸಾಕಿತ್ತು. "ಪಂಪು ತೋಡಿನಾಚೆ ಮನೇಲಿದೆ. ಅವರ ಪೈಪು ನಮ್ಮ ಇಳಿಜಾರಿಗೆ ಎಟಕಲ್ಲ, ಮೇಲಿನ ಮನೆಯಿಂದ ಇನ್ನೊಂದು ಸುರುಳಿ ತನ್ನಿ" ಎನ್ನುತ್ತಿದ್ದರು. ಏನು ಎಲ್ಲಿದೆ ಎಂಬುದಷ್ಟೇ ಅಲ್ಲ, ಅದು ನಡೆಯಬೇಕಾದರೆ ಜೊತೆಗೆ ಇನ್ನೇನು ಬೇಕು ಎಂಬುದೂ ಅವರ ಬಾಯಲ್ಲಿರುತ್ತಿತ್ತು.

ಮೊನ್ನೆ ರಜೆಗೆ ಬಂದ ತಂಗಿಯ ಮಗಳ ಲ್ಯಾಪ್‌ಟಾಪ್‌ನಲ್ಲಿ ಒಂದು ಸಾಲು ನೋಡಿದಾಗ ಅವರು ನೆನಪಾದರು. ಇಲ್ಲಿನ ನವೋದಯ ವಿದ್ಯಾಲಯದಲ್ಲಿ ಓದಿದ ಹುಡುಗಿ, ಈಗ ಕಣಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಅವಳ ದಿನದ ಕೆಲಸವೆಲ್ಲ 'ರೂಟ್' ಎಂಬ ತಂತ್ರಾಂಶದಲ್ಲಿ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ರೆನೆ ಬ್ರೂನ್ ಮತ್ತು ಫಾನ್ಸ್ ರಾಡೆಮೇಕರ್ಸ್ 1990ರ ದಶಕದ ನಡುವೆ ಶುರುಮಾಡಿದ್ದು ಅದು. 2012ರಲ್ಲಿ ಹಿಗ್ಸ್ ಕಣ ಸಿಕ್ಕಿತೆಂದು ಜಗತ್ತಿಗೆ ಹೇಳಿದ ಲೆಕ್ಕಾಚಾರದ ಹಿಂದೆಯೂ ಅದೇ ಇತ್ತು.

ರೂಟ್‌ನಲ್ಲಿ ನೂರಾರು ಕ್ಲಾಸ್‌ಗಳು, ಅಂದರೆ ಒಂದೊಂದು ಕೆಲಸಕ್ಕೆಂದು ಬರೆದ ಕೋಡಿನ ತುಣುಕುಗಳು. ಕಂಪೈಲ್ ಆದ ಮೇಲೆ ಅವು ಬೇರೆ ಬೇರೆ ಲೈಬ್ರರಿ ಫೈಲುಗಳಲ್ಲಿ ಕೂತಿರುತ್ತವೆ. ಎಲ್ಲವನ್ನೂ ಮೊದಲೇ ತುಂಬಿಕೊಂಡರೆ ಮೆಮೊರಿ ದಂಡ. ಬೇಕಾದಾಗ ಬೇಕಾದ್ದನ್ನೇ ಕರೆಸಬೇಕು, ಅದಕ್ಕೆ ಯಾವುದು ಎಲ್ಲಿದೆಯೆಂಬ ಪಟ್ಟಿ ಬೇಕು. ರೂಟ್‌ನ 5ನೇ ಆವೃತ್ತಿಯವರೆಗೆ ಆ ಪಟ್ಟಿ ಮಾಡುತ್ತಿದ್ದದ್ದು 'ಆರ್‌ಲಿಬ್‌ಮ್ಯಾಪ್' ಎಂಬ ಪುಟ್ಟ ಕಮಾಂಡ್. ಲೈಬ್ರರಿಯ ಹೆಸರು, ಅದು ಆಸರೆಗೆ ನೆಚ್ಚಿಕೊಂಡ ಇತರ ಲೈಬ್ರರಿಗಳು, ಕ್ಲಾಸ್‌ಗಳ ಹೆಸರು ಬರೆದಿಟ್ಟ ಫೈಲು, ಇಷ್ಟು ಕೊಟ್ಟರೆ ಕ್ಲಾಸಿಗೊಂದು ಸಾಲು ಬರೆದಿಡುತ್ತದೆ. ಎಡಕ್ಕೆ ಕ್ಲಾಸ್, ಬಲಕ್ಕೆ ಮೊದಲು ಅದು ಇರುವ ಲೈಬ್ರರಿ, ಆಮೇಲೆ ಜೊತೆಗೆ ಬೇಕಾದವು. ಪಂಪು, ಪೈಪಿನ ಸುರುಳಿ! 6ನೇ ಆವೃತ್ತಿಯಲ್ಲಿ ಈ ಕೆಲಸ 'ರೂಟ್‌ಕ್ಲಿಂಗ್' ಎಂಬ ಇನ್ನೊಂದು ಕಮಾಂಡಿನ ಪಾಲಿಗೆ ಹೋಗಿದೆ. ಅವಳ ತಂಡದ ಹಳೆಯ ಕೋಡ್ ಮಾತ್ರ ಇನ್ನೂ 5ರಲ್ಲೇ ಇದೆ.

ಅವತ್ತು ಅವಳ ಪ್ರೋಗ್ರಾಂ ಓಡದೆ ನಿಂತಿತ್ತು. ಯಾರೋ ಒಂದು ಲೈಬ್ರರಿಯ ಹೆಸರು ಬದಲಿಸಿದ್ದರು, ಪಟ್ಟಿಯಲ್ಲಿ ಹಳೆಯದೇ ಉಳಿದಿತ್ತು. "ಕ್ಲಾಸ್ ಎಲ್ಲೂ ಹೋಗಿಲ್ಲ ದೊಡ್ಡಮ್ಮ, ಪಟ್ಟಿ ನಮ್ಮನ್ನ ಇಲ್ಲದ ಮನೆಗೆ ಕಳಿಸ್ತಾ ಇದೆ" ಎಂದಳು. ಕಮಾಂಡನ್ನು ಮತ್ತೊಮ್ಮೆ ಓಡಿಸಿದಳು, ಸರಿಹೋಯಿತು.

ನನಗೆ ಮಾತು ಹೊರಡಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದ ಮೇಲೆ ತೋಡಿನಾಚೆ ಮನೆಯವರು ಮಡಿಕೇರಿಗೆ ಹೋಗಿಬಿಟ್ಟರು. ಆಮೇಲೂ ದೊಡ್ಡಪ್ಪ ಪ್ರತಿ ಮೇ ತಿಂಗಳು ನಮ್ಮನ್ನು ಅಲ್ಲಿಗೇ ಕಳಿಸುತ್ತಿದ್ದರು. ಬೀಗ ನೋಡಿ ವಾಪಸು ಬಂದು "ಅವರಿಲ್ಲ ದೊಡ್ಡಪ್ಪ" ಎಂದರೆ ಒಂದು ಗಳಿಗೆ ಸುಮ್ಮನಿದ್ದು, "ಹೌದಲ್ಲ" ಎನ್ನುತ್ತಿದ್ದರು. ಅವರ ತಲೆಯೊಳಗಿನ ಪಟ್ಟಿಯಿಂದ ಆ ಮನೆಯನ್ನು ಅಳಿಸಲು ಅವರಿಗೆ ಮನಸ್ಸಾಗಲಿಲ್ಲ ಎಂದೇ ನನ್ನ ನಂಬಿಕೆ. ನಾವಾದರೂ ಅವರ ಪಕ್ಕ ಕೂತು ಉಳಿದದ್ದನ್ನೆಲ್ಲ ಬರೆದುಕೊಳ್ಳಬೇಕಿತ್ತು. ಈಗ ಅವರೂ ಇಲ್ಲ.

ಸಂಜೆ ಕರೆಂಟು ಹೋಯಿತು. ಮೇಣದಬತ್ತಿ ಹಚ್ಚಿ, ಹಳೆಯ ನೋಟುಬುಕ್ಕಿನಲ್ಲಿ ಇಬ್ಬರೂ ಬರೆಯತೊಡಗಿದೆವು. ಪಂಪು, ಶಾಲೆ ಹತ್ತಿರದ ಮನೆ, ಜೊತೆಗೆ ಮೇಲಿನ ಮನೆಯ ಪೈಪು. ಕಾಫಿ ಒಣಗಿಸುವ ಟಾರ್ಪಾಲು, ನಮ್ಮಲ್ಲೇ. ಮೆಣಸು ಕೊಯ್ಯುವ ಉದ್ದ ಏಣಿಯ ಮುಂದೆ ಜಾಗ ಖಾಲಿ ಬಿಟ್ಟಿದ್ದೇವೆ. ನಾಳೆ ಬೆಳಿಗ್ಗೆ ಮನೆಮನೆಗೆ ಹೋಗಿ ಕೇಳಬೇಕು.